ಬೂದು ಹಲಗೆ

ಜನವರಿ 12

ಅಕ್ಕಾ,

ಫೋನ್ ಮಾಡಿದರೆ ಎತ್ತುವುದಿಲ್ಲ, ಕಾಗದ ಬರೆದರೆ ಉತ್ತರವಿಲ್ಲ. ‘ಫೋನಾದರೆ ಕೂಡಲೇ ಏನಾದರೂ ಹೇಳಬೇಕು, ಕಾಗದವಾದರೆ ಕಾಯುತ್ತದೆ’ ಎಂದು ಹೋದ ವರ್ಷ ನೀನೇ ಅಪ್ಪಣೆ ಕೊಡಿಸಿದೆ. ಸರಿ ಎಂದು ನಲವತ್ತಾರನೇ ವಯಸ್ಸಿನಲ್ಲಿ ಕೂತು ಕಾಗದ ಬರೆದರೆ, ಅದು ಕಾಯುತ್ತಲೇ ಇದೆ. ಇದು ಮೂರನೆಯದು. ನಿಮ್ಮ ಕಡೆಯ ಅಂಚೆಯವನಿಗೆ ನನ್ನ ಮೇಲೆ ಹಳೇ ದ್ವೇಷವೇನಾದರೂ ಇದೆಯೇ, ವಿಚಾರಿಸು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಹನ್ನೊಂದು ಕಟ್ಟಡದ ಲಿಫ್ಟುಗಳಿಗೆ ನಾನೊಬ್ಬನೇ ಮೆಕ್ಯಾನಿಕ್. ಮೇಲೆ ಹೋದವರನ್ನು ಕೆಳಗೆ ತರುವುದು, ಕೆಳಗಿದ್ದವರನ್ನು ಮೇಲೆ ಕಳಿಸುವುದು, ನಡುವೆ ಸಿಕ್ಕಿಕೊಂಡವರ ಬೈಗುಳ ಕೇಳುವುದು. ಮನೆಯಲ್ಲಿ ಅಡುಗೆಮನೆ ನಲ್ಲಿ ಸೋರಲು ಶುರುವಾಗಿ ಎರಡು ತಿಂಗಳಾಯಿತು. ‘ಯಾವಾಗ್ರೀ ಸರಿ ಮಾಡೋದು?’ ಎಂದು ನನ್ನ ಹೆಂಡತಿ ಕೇಳಿದರೆ, ನನಗಿಂತ ಮೊದಲು ನನ್ನ ಮಗಳು ಹೇಳುತ್ತಾಳೆ, ‘ಅಪ್ಪ ಏಳ್ತಾ ಇದ್ದಾರೆ!’ ನೋಡು, ನಮ್ಮಪ್ಪನನ್ನು ಅವಳು ಕಣ್ಣಿಂದ ಕಂಡವಳಲ್ಲ. ಹನ್ನೆರಡು ವರ್ಷ ಅದೇ ಕುರ್ಚಿಯಲ್ಲಿ ಕೂತು, ಅಮ್ಮ ಕರೆದಾಗೆಲ್ಲ ‘ಏಳ್ತಾ ಇದ್ದೀನಿ’ ಎನ್ನುತ್ತಿದ್ದ ಅಜ್ಜನ ಮಾತು ಮಾತ್ರ ಅವಳ ಬಾಯಿಗೂ ಬಂದಿದೆ. ಎಂದಿಗೂ ಆಗದ ಕೆಲಸಕ್ಕೆ ನಮ್ಮ ಮನೆಯಲ್ಲಿ ಇದೊಂದೇ ಹೆಸರು.

ಈಗ ವಿಷಯಕ್ಕೆ ಬರುತ್ತೇನೆ. ಪುಟ್ಟಿಗೆ ನರ್ಸಿಂಗ್ ಸೀಟು ಸಿಕ್ಕಿದೆ. ಜೂನ್ ಒಂದರ ಭಾನುವಾರ ಹಾಸ್ಟೆಲಿಗೆ ಹೊರಡುತ್ತಾಳೆ. ಅಜ್ಜಿಯ ದಾಳಿಂಬೆ ಬಣ್ಣದ ಶಾಲು ತೆಗೆದುಕೊಂಡೇ ಹೋಗುತ್ತೇನೆ ಎಂದು ಹಟ. ಪೆಟ್ಟಿಗೆಯಿಂದ ತೆಗೆದು ನೋಡಿದರೆ ಹುಳ ತಿಂದು ಏಳು ತೂತು ಮಾಡಿದೆ. ಅಂಚಿನಿಂದ ಒಂದು ತುಂಡು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಇದೇ ಬಣ್ಣದ ಉಣ್ಣೆದಾರ ಹೊಂದಿಸಿ, ನೀನೇ ತಂದು, ನೀನೇ ಕೂತು ರಫು ಮಾಡಿಕೊಡಬೇಕು. ಮೂವತ್ತೈದು ವರ್ಷ ದಾರದ ಮಿಲ್ಲಿನಲ್ಲಿ ಬಣ್ಣ ಹೊಂದಿಸಿದವಳು ನಮ್ಮನೆಯಲ್ಲೇ ಇರುವಾಗ ಅಂಗಡಿಯ ಅಂದಾಜು ಕೆಂಪು ಹಾಕಿದರೆ ಅಮ್ಮ ಮೇಲಿಂದಲೇ ಕಿವಿ ಹಿಂಡುತ್ತಾಳೆ.

ಬರುತ್ತೀ ತಾನೆ?

ನಿನ್ನ ತಮ್ಮ,
ಗುಂಡ

*

ಫೆಬ್ರವರಿ 20

ಗುಂಡಾ,

ಮೂರು ಕಾಗದವೂ ಬಂದಿವೆ. ಅಂಚೆಯವನನ್ನು ಬೈಯಬೇಡ. ಮೇಜಿನ ಮೇಲೆ ಇವೆ, ದಿನಾ ನೋಡುತ್ತೇನೆ. ಇವತ್ತು ಪೆನ್ನು ಕೈಗೆ ಸಿಕ್ಕಿತು.

ತುಂಡು ತಲುಪಿದೆ. ಸುಲಭದ ಬಣ್ಣ. ದಾಳಿಂಬೆಯ ಮೇಲೆ ಒಂಚೂರು ಕಂದು ಕೂತಿದೆ, ಅದು ವಯಸ್ಸಿನದು. ಹಳೆಯ ದಾರದ ಲಡಿಗಳಲ್ಲೇ ಸಿಗಬಹುದು. ಐದು ನಿಮಿಷದ ಕೆಲಸ. ಸೋಮವಾರ ನೋಡುತ್ತೇನೆ.

ಪುಟ್ಟಿಯ ಸುದ್ದಿ ಕೇಳಿ ಸಂತೋಷವಾಯಿತು ಎಂದು ಅವಳಿಗೆ ಹೇಳು.

ನನ್ನ ಕಣ್ಣು ಸ್ವಲ್ಪ ಕೈಕೊಡುತ್ತಿದೆ. ಕೆಂಪು ಮೊದಲಿನ ಹಾಗೆ ಎದ್ದು ಬರುವುದಿಲ್ಲ, ಹಸಿರೂ ಅಷ್ಟೆ. ಹತ್ತು ಸಲ ಒಗೆದ ಬಟ್ಟೆಯ ಹಾಗೆ ಎಲ್ಲ ಬಣ್ಣವೂ ಹಿಂದಕ್ಕೆ ಸರಿದಿವೆ. ದೀಪಾನೇ ಮಂಕಾಗಿದೆ ಎಂದು ಮಿಲ್ಲಿನಲ್ಲಿ ಬಲ್ಬು ಬದಲಾಯಿಸಿದರು. ಆಮೇಲೆ ಕನ್ನಡಕ ಬದಲಾಯಿಸಿದೆ. ಒಂದು ವರ್ಷದಲ್ಲಿ ಇದು ಎರಡನೇ ಸಲ. ವ್ಯತ್ಯಾಸ ಕಾಣಲಿಲ್ಲ.

ಮಿಲ್ಲಿನಲ್ಲಿ ಬಣ್ಣ ಹೊಂದಿಸುವ ನಮ್ಮ ಕೋಣೆಯಲ್ಲಿ ಗೋಡೆಗೆ ಒಂದು ಬೂದು ಹಲಗೆ ಇದೆ, ನಿನಗೆ ಹೇಳಿದ್ದೆನೋ ಇಲ್ಲವೋ. ಒಂದು ಬಣ್ಣ ನೋಡಿದ ಕಣ್ಣಿನಲ್ಲಿ ಅದರ ಜಿಡ್ಡು ಉಳಿಯುತ್ತದೆ. ಅದೇ ಕಣ್ಣಿಂದ ಇನ್ನೊಂದು ನೋಡಿದರೆ ತಪ್ಪಾಗುತ್ತದೆ. ಅದಕ್ಕೇ ನಡುವೆ ಒಂದು ನಿಮಿಷ ಬೂದು ಹಲಗೆ ನೋಡಿ ಕಣ್ಣು ತೊಳೆದುಕೊಳ್ಳಬೇಕು ಎಂಬುದು ನಮ್ಮಲ್ಲಿ ಕಾನೂನು. ಸೇರಿದ ದಿನ ಮೊದಲು ಕಲಿಸಿದ್ದೇ ಅದು. ಹೋದ ವಾರ ಹಾಗೆ ನೋಡುತ್ತಾ ಕೂತಿದ್ದೆ. ಹಂಡೆಯಲ್ಲಿ ಬಣ್ಣ ಕುದಿಸುವ ಮುದುಕರು ಬಂದು ನನ್ನ ಮುಖದ ಮುಂದೆ ಚಿಟಿಕೆ ಹೊಡೆದರು. ಅವರ ಕೈ ಮೊಣಕೈವರೆಗೂ ನೀಲಿ, ಅದಕ್ಕೆ ನಾವೆಲ್ಲ ‘ನೀಲಿಕೈ’ ಅನ್ನುತ್ತೇವೆ. ‘ಏನಮ್ಮಾ, ಹಲಗೆ ಮೇಲೆ ಸಿನಿಮಾ ಬರ್ತಾ ಇದೆಯಾ? ಊಟದ ಗಂಟೆ ಹೊಡೆದು ಅರ್ಧ ಗಂಟೆ ಆಯ್ತು’ ಅಂದರು. ನಾನು ಒಂದೇ ನಿಮಿಷ ಆಗಿದೆ ಅಂದುಕೊಂಡಿದ್ದೆ.

ದಾರ ಕಳಿಸುತ್ತೇನೆ.

ಅಕ್ಕ

*

ಮಾರ್ಚ್ 3

ಅಕ್ಕಾ,

ಅಂತೂ ಇಂತೂ ಉತ್ತರ ಬಂತು. ನಿನ್ನ ಅಕ್ಷರ ಯಾಕಿಷ್ಟು ಸಣ್ಣಗಾಗಿದೆ? ಓದಲು ನನಗೇ ಕನ್ನಡಕ ಬೇಕಾಯಿತು.

ಕಣ್ಣಿನ ವಿಷಯದಲ್ಲಿ ಅಸಡ್ಡೆ ಮಾಡಬೇಡ. ಬೀದಿಯ ಕನ್ನಡಕದಂಗಡಿ ಬಿಟ್ಟು ದೊಡ್ಡಾಸ್ಪತ್ರೆಗೆ ಹೋಗು. ಕ್ಯಾರೆಟ್ ತಿನ್ನು. ಬೆಳಿಗ್ಗೆ ಐದಕ್ಕೆ ಎದ್ದು ತಣ್ಣೀರು ಮುಖಕ್ಕೆ ಹಾಕಿಕೊಂಡು ಒಂದು ಗಂಟೆ ನಡೆ. ನಾನು ಎರಡು ವಾರದಿಂದ ನಡೆಯುತ್ತಿದ್ದೇನೆ, ಹೊಟ್ಟೆ ಒಂದು ಬೆರಳು ಇಳಿದಿದೆ. ಬಗ್ಗಿದರೆ ನನ್ನ ಕಾಲು ನನಗೇ ಕಾಣುತ್ತದೆ. ಮನಸ್ಸಿದ್ದರೆ ಮಾರ್ಗ ಎಂದು ನನಗೆ ಗಣಿತ ಹೇಳಿಕೊಡುವಾಗ ತಲೆಗೆ ಮೊಟಕಿ ಮೊಟಕಿ ಹೇಳಿದವಳು ನೀನೇ.

ಸೋಮವಾರ ಎಂದಿದ್ದೆ. ಎರಡು ಸೋಮವಾರ ಹೋದವು. ‘ನಾಳೆ ಅಂದವನ ಮನೆ ಹಾಳು’ ಅನ್ನುತ್ತಿದ್ದವಳೂ ನೀನೇ. ನಾನು ಏನೂ ಹೇಳುತ್ತಿಲ್ಲ, ಸುಮ್ಮನೆ ನೆನಪಾಯಿತು.

ಕೆಳಗೆ ಪುಟ್ಟಿ ಏನೋ ಗೀಚುತ್ತಾಳಂತೆ, ಜಾಗ ಬಿಟ್ಟಿದ್ದೇನೆ.

ಗುಂಡ

ಅತ್ತೆ, ಅಪ್ಪನ ಹೊಟ್ಟೆ ಇಳಿದಿಲ್ಲ, ಬೆಲ್ಟು ಹೊಸದು. ನೀವು ಚಿಕ್ಕವಳಿದ್ದಾಗ ನನ್ನನ್ನು ಮಿಲ್ಲಿಗೆ ಕರೆದುಕೊಂಡು ಹೋಗಿ, ಇನ್ನೂರು ಕೆಂಪು ತೋರಿಸಿ, ‘ಇದರಲ್ಲಿ ನಿನ್ನದು ಯಾವುದು ಆರಿಸಿಕೋ’ ಅಂದಿರಲ್ಲ, ನೆನಪಿದೆಯಾ? ನಾನು ಆರಿಸಿದ್ದು ಇದೇ ಬಣ್ಣ. ದಾರ ತರದಿದ್ದರೂ ಪರವಾಗಿಲ್ಲ, ನೀವು ಬನ್ನಿ. ಪುಟ್ಟಿ.

*

ಏಪ್ರಿಲ್ 9

ಗುಂಡಾ,

‘ನೀವು ಚಿಕ್ಕವಳಿದ್ದಾಗ’ ಎಂದು ಬರೆದಿದ್ದಾಳೆ, ‘ನಾನು’ ಎಂದಿರಬೇಕು. ಅವಳನ್ನು ರೇಗಿಸಬೇಡ. ಇನ್ನೂರು ಕೆಂಪು ನೆನಪಿದೆ.

ದೊಡ್ಡಾಸ್ಪತ್ರೆಗೆ ಹೋಗಿ ಬಂದೆ. ನೀನು ಬರೆದು ತಿಂಗಳಾದ ಮೇಲೆ ಹೋದೆ, ಆದರೂ ಹೋದೆ. ಹೋದದ್ದಕ್ಕೆ ಕಾರಣ, ಹಿಂದಿನ ದಿನ ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಮಂಚದ ಮೇಲೆ ಕೂತವಳು ಇನ್ನೊಂದು ಮೆಟ್ಟುವ ಹೊತ್ತಿಗೆ ಹತ್ತೂವರೆಯಾಗಿತ್ತು. ಮಿಲ್ಲಿಗೆ ತಡವಾಗಿ ಹೋದದ್ದು ಮೂವತ್ತೈದು ವರ್ಷದಲ್ಲಿ ಅದೇ ಮೊದಲು. ಕಣ್ಣು ಮಂಜಾಗಿ ಚಪ್ಪಲಿ ಕಾಣಲಿಲ್ಲ ಎಂದು ಹೇಳಿದೆ. ಚಪ್ಪಲಿ ಕಾಣುತ್ತಿತ್ತು.

ಕಣ್ಣಿನ ಡಾಕ್ಟರು ಹೆಂಗಸು, ನಿಧಾನಸ್ಥೆ. ಎಲ್ಲ ಯಂತ್ರದಲ್ಲೂ ನೋಡಿದರು. ಬಣ್ಣದ ಬಿಲ್ಲೆಗಳನ್ನು ಕೊಟ್ಟು ಜೋಡಿಸಿ ಅಂದರು, ಜೋಡಿಸಿದೆ. ‘ಇಷ್ಟು ವರ್ಷದಲ್ಲಿ ಒಂದೂ ತಪ್ಪಿಲ್ಲದೆ ಜೋಡಿಸಿದವರು ನೀವೊಬ್ಬರೇ’ ಅಂದರು. ಕಣ್ಣಿಗೆ ಏನೂ ಆಗಿಲ್ಲವಂತೆ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಬೇರೆ ಬೇರೆ ಕೇಳಿದರು. ನಿದ್ದೆ ಹೇಗೆ, ಊಟ ರುಚಿಸುತ್ತಾ, ಕೊನೇ ಸಲ ನಕ್ಕಿದ್ದು ಯಾವಾಗ. ಕಣ್ಣಿಗೂ ನಗುವಿಗೂ ಏನು ಸಂಬಂಧವೋ. ‘ಬೇಜಾರೇನಾದರೂ ಇದೆಯಾ?’ ಅಂದರು. ಇಲ್ಲ ಅಂದೆ. ನಿಜವೇ ಹೇಳಿದೆ ಗುಂಡಾ. ನನಗೆ ಯಾವ ದುಃಖವೂ ಇಲ್ಲ. ಅಳುವುದಿಲ್ಲ. ಅಮ್ಮ ಹೋದಾಗ ಅತ್ತಿದ್ದೆ, ಅದು ದುಃಖ ಎಂದು ನನಗೆ ಗೊತ್ತು. ಇದು ಹಾಗಲ್ಲ, ಇದರಲ್ಲಿ ಏನೂ ಇಲ್ಲ.

ಅವರು ಒಂದು ಚೀಟಿ ಬರೆದು, ಮೂರನೇ ಮಹಡಿಯಲ್ಲಿ ಇನ್ನೊಬ್ಬ ಡಾಕ್ಟರಿದ್ದಾರೆ, ಇವತ್ತೇ ನೋಡಿ ಹೋಗಿ ಅಂದರು. ಲಿಫ್ಟು ಕೆಟ್ಟಿತ್ತು, ನಿನ್ನ ನೆನಪಾಯಿತು. ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯಲ್ಲಿ ಕೂತೆ. ಮೇಲೆ ಹೋಗಿ ಏನು ಹೇಳಲಿ? ಜ್ವರವಿಲ್ಲ, ನೋವಿಲ್ಲ. ತಟ್ಟೆ ತೊಳೆಯುವುದು ಭಾರವಾಗಿ ನಿಂತುಕೊಂಡೇ ಬ್ರೆಡ್ಡು ತಿನ್ನುತ್ತೇನೆ ಎಂದು ಹೇಳಲೇ? ಇದಕ್ಕೆಲ್ಲ ಡಾಕ್ಟರ ಹತ್ತಿರ ಹೋಗುವವರುಂಟೇ. ಇದಕ್ಕೆ ನಮ್ಮ ಮನೆಯಲ್ಲಿ ಬೇರೆ ಹೆಸರಿದೆ. ಇಳಿದು ಬಂದೆ.

ಚೀಟಿ ಗಟ್ಟಿ ಕಾಗದದ್ದು. ಶಾಲಿನ ತುಂಡು ಕಳೆಯದಿರಲಿ ಎಂದು ಅದರಲ್ಲಿ ಸುತ್ತಿಟ್ಟಿದ್ದೇನೆ.

ಅಕ್ಕ

*

ಏಪ್ರಿಲ್ 18

ಅಕ್ಕಾ,

ಕಣ್ಣಿಗೆ ಏನೂ ಆಗಿಲ್ಲ ಎಂದ ಮೇಲೆ ಇನ್ನೇನು ಬೇಕು! ನಾನಂತೂ ಕಾಗದ ಓದಿ ನಿಟ್ಟುಸಿರು ಬಿಟ್ಟೆ. ಆಪರೇಷನ್ನು ಗೀಪರೇಷನ್ನು ಎಂದರೆ ಏನು ಗತಿ ಎಂದು ಒಳಗೊಳಗೇ ಹೆದರಿದ್ದೆ. ಮೂರನೇ ಮಹಡಿಗೆ ಹೋಗದೆ ಒಳ್ಳೇ ಕೆಲಸ ಮಾಡಿದೆ. ಈ ಆಸ್ಪತ್ರೆಯವರೇ ಹಾಗೆ, ಒಬ್ಬರು ಇನ್ನೊಬ್ಬರ ಹತ್ತಿರ ಅಟ್ಟುತ್ತಾರೆ, ಅವರು ಮತ್ತೊಬ್ಬರ ಹತ್ತಿರ.

ನಿನಗೆ ಬೇಕಾಗಿರುವುದು ಜನ. ಒಂಟಿ ಕೋಣೆಯಲ್ಲಿ ಗೋಡೆ ನೋಡಿಕೊಂಡಿದ್ದರೆ ಯಾರಿಗಾದರೂ ಮಂಕು ಕವಿಯುತ್ತದೆ. ಜೂನ್ ಒಂದಕ್ಕೆ ಟಿಕೆಟ್ ತೆಗೆದಿಡು. ಬೆಳಗಿನ ರೈಲು ಹತ್ತಿದರೆ ಎರಡು ಗಂಟೆಗೆ ಇಲ್ಲಿರುತ್ತೀ. ಪುಟ್ಟಿಯ ಬಸ್ಸು ಸಂಜೆ ಆರಕ್ಕೆ. ಏಳು ತೂತಿಗೆ ನಿನ್ನ ಕೈಗೆ ಎರಡು ಗಂಟೆ ಧಾರಾಳ. ನಾನು ಪ್ಲಾಟ್‌ಫಾರ್ಮಿನಲ್ಲೇ ಇರುತ್ತೇನೆ. ಹೊಸ ಬೆಲ್ಟಿನಲ್ಲಿ.

ಗುಂಡ

*

ಮೇ 6

ಗುಂಡಾ,

ಮಿಲ್ಲಿನ ಕೆಲಸ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ, ಗೌರವವಾಗಿ ಬಿಡಿಸಿದರು.

ಆಕಾಶನೀಲಿ ದಾರದ ದೊಡ್ಡದೊಂದು ಕಂತು ಬಂದಿತ್ತು. ಮಾದರಿ ತುಂಡಿನ ಪಕ್ಕ ಇಟ್ಟು ನೋಡಿದೆ. ಕಂತಿನಲ್ಲಿ ಹಸಿರು ಹೆಚ್ಚಾಗಿತ್ತು. ಕುರುಡಿಗೂ ಕಾಣುವಷ್ಟು. ಅದನ್ನು ವಾಪಸು ಕಳಿಸಬೇಕಾದರೆ ನಾನು ಎದ್ದು, ಹಂಡೆಯ ಕೋಣೆಗೆ ಹೋಗಿ, ನೀಲಿಕೈಗೆ ಹೇಳಿ, ಅವರು ಯಾಕೆ ಏನು ಎಂದರೆ ಉತ್ತರ ಕೊಟ್ಟು, ಮತ್ತೆ ಬಂದು ಕೂರಬೇಕು. ಕೂತಲ್ಲೇ ಸಹಿ ಹಾಕಿದೆ.

ಸರಿಯಿಲ್ಲ ಎಂದು ಗೊತ್ತಿದ್ದೂ ಹಾಕಿದೆ ಕಣೋ. ಇಂಥದ್ದಕ್ಕೆ ಇನ್ನೊಬ್ಬಳು ಸಿಕ್ಕಿಬಿದ್ದಿದ್ದರೆ ನಾನೇ ಅವಳನ್ನು ಹೊರಗೆ ಹಾಕಿಸುತ್ತಿದ್ದೆ.

ಕಂತು ತಿರುಗಿ ಬಂತು. ಯಜಮಾನರು ಕರೆದರು. ಕೂಗಾಡಲಿಲ್ಲ, ನೀರು ತರಿಸಿಕೊಟ್ಟರು. ‘ಕಣ್ಣು ಹೋಯ್ತು ಸಾರ್’ ಅಂದೆ. ನಾನು ಬೇರೆ ಏನು ಹೇಳಬಹುದಿತ್ತು? ಅವರ ಕಣ್ಣಲ್ಲಿ ನೀರು ಬಂತು. ಎಲ್ಲರನ್ನೂ ಸೇರಿಸಿ ಚಪ್ಪಾಳೆ ಹೊಡೆಸಿದರು. ಮೂವತ್ತೈದು ವರ್ಷ ಮಿಲ್ಲಿಗಾಗಿ ಕಣ್ಣು ತೇಯ್ದ ತಾಯಿ ಎಂದು ಯಾರೋ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ತಲೆ ತಗ್ಗಿಸಿ ನಿಂತಿದ್ದೆ, ಅದನ್ನೂ ಅವರು ವಿನಯ ಅಂದುಕೊಂಡರು.

ಏನು ಬೇಕು ಕೇಳಿ, ನೆನಪಿಗೆ ಅಂದಾಗ ಬೂದು ಹಲಗೆ ಕೇಳಿದೆ. ನಕ್ಕರು. ನೀಲಿಕೈಯೇ ಮೊಳೆ ಕಿತ್ತು, ಹೊತ್ತು ತಂದು, ಮಂಚದ ಎದುರು ಗೋಡೆಗೆ ಹೊಡೆದುಕೊಟ್ಟು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ಆ ನೀಲಿ ನಿಮಗೆ ಕಂಡಿತ್ತು, ಅಲ್ವಾ?’ ಅಂದರು. ನಾನು ಹಲಗೆಯ ಕಡೆ ತಿರುಗಿ ಕೂತೆ. ಅವರು ಬಾಗಿಲು ಎಳೆದುಕೊಂಡರು.

ಜೂನ್ ಒಂದಕ್ಕೆ ಟಿಕೆಟ್ ತೆಗೆದಿದ್ದೇನೆ. ದಾರವನ್ನೂ ತರುತ್ತೇನೆ. ಈಗಂತೂ ಹೊತ್ತೇ ಹೊತ್ತು.

ಅಕ್ಕ

*

ಜೂನ್ 4

ಅಕ್ಕಾ,

ಎರಡು ಗಂಟೆಯ ರೈಲು ನೋಡಿದೆ. ಮೂರೂಕಾಲಿನದು ನೋಡಿದೆ. ನಾಲ್ಕೂವರೆಯದೂ ನೋಡಿದೆ. ಮೂರು ರೈಲಿನ ಇಪ್ಪತ್ತು ಇಪ್ಪತ್ತು ಡಬ್ಬಿಯ ಬಾಗಿಲಲ್ಲೂ ನಿನ್ನ ಮುಖ ಹುಡುಕಿದೆ. ಹದಿನಾಲ್ಕು ಸಲ ಫೋನ್ ಮಾಡಿದೆ. ಕೊನೆಗೆ ನಿನ್ನ ಕೆಳಗಿನ ಮನೆಯವರ ನಂಬರು ಹುಡುಕಿ ಕೇಳಿದರೆ, ‘ಅವರು ಮಧ್ಯಾಹ್ನವೇ ಬ್ಯಾಗು ಹಿಡಿದು ವಾಪಸ್ ಬಂದರಲ್ಲ, ಮಲಗಿದ್ದಾರೆ’ ಎಂದರು. ಮಲಗಿದ್ದಾರೆ!

ಪುಟ್ಟಿ ತೂತಿನ ಶಾಲು ಹೊದ್ದುಕೊಂಡೇ ಬಸ್ಸು ಹತ್ತಿದಳು. ‘ಅತ್ತೆಗೆ ಬೈಬೇಡಪ್ಪ’ ಅಂದಳು. ಬಸ್ಸು ತಿರುಗುವವರೆಗೂ ಕಿಟಕಿಯಿಂದ ಬೀದಿಯ ಕೊನೆ ನೋಡುತ್ತಿದ್ದಳು, ನೀನು ಓಡಿ ಬರುತ್ತೀಯೇನೋ ಎಂದು.

ಐದು ತಿಂಗಳು. ಐದು ನಿಮಿಷದ ಕೆಲಸ ಎಂದವಳು ನೀನು. ಡಾಕ್ಟರು ನೋಡಿ ಆಯಿತು, ಕನ್ನಡಕ ಆಯಿತು, ಕೆಲಸವೂ ಇಲ್ಲ, ಮನೆಮಂದಿಯ ಕಾಟವಿಲ್ಲ. ನಾನು ಇಷ್ಟು ದಿನ ನಗುನಗುತ್ತಾ ಹೇಳಿದೆ. ಇವತ್ತು ನೆಟ್ಟಗೆ ಹೇಳುತ್ತೇನೆ. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ನಿನಗೆ ನಾಚಿಕೆ ಇಲ್ಲ, ಅಷ್ಟೆ.

ಗುಂಡ

*

ಜುಲೈ 15

ಗುಂಡಾ,

ನಿನ್ನ ಕಾಗದ ಬಂದ ದಿನವೇ ಓದಿದೆ. ಸಿಟ್ಟು ಬರಲಿಲ್ಲ. ಬರಬೇಕಾದದ್ದು ಬಂತು ಅನ್ನಿಸಿತು.

ಆ ದಿನ ಸ್ಟೇಷನ್ನಿಗೆ ಹೋಗಿದ್ದೆ. ಅಷ್ಟನ್ನಾದರೂ ನಂಬು. ಅರ್ಧ ಗಂಟೆ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಬ್ಯಾಗು ತೊಡೆಯ ಮೇಲಿತ್ತು, ಟಿಕೆಟ್ ಕೈಯಲ್ಲಿತ್ತು. ರೈಲು ಬಂತು. ನನ್ನ ಡಬ್ಬಿ ಸರಿಯಾಗಿ ನನ್ನ ಎದುರಿಗೇ ನಿಂತಿತು. ಬಾಗಿಲಿಗೂ ನನಗೂ ಹತ್ತು ಹೆಜ್ಜೆ. ಈಗ ಏಳಬೇಕು ಅಂದುಕೊಂಡೆ. ಏಳು ಎಂದು ನನಗೆ ನಾನೇ ಹೇಳಿಕೊಂಡೆ. ಪುಟ್ಟಿಯ ಮುಖ ನೆನೆಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, ‘ನಿಮ್ಮ ಗಾಡಿ ಇದೇ ಅಲ್ವೇನ್ರೀ?’ ಅಂದಳು. ಹೌದು ಅಂದೆ. ರೈಲು ಆರು ನಿಮಿಷ ನಿಂತು ಹೋಯಿತು. ಅವಳು ನನ್ನನ್ನು ಒಂಥರಾ ನೋಡಿ ಬೆಂಚಿನ ಆ ತುದಿಗೆ ಸರಿದಳು.

ಇದಕ್ಕೆ ಏನು ಕಾರಣ ಕೊಡಲಿ? ಕಾಲು ನೋವಿರಲಿಲ್ಲ. ಮೈಗಳ್ಳತನ ಎಂಬುದು ಬಿಟ್ಟರೆ ಬೇರೆ ಮಾತು ನನಗೆ ಗೊತ್ತಿಲ್ಲ.

ನೀನು ಬರೆದ ಕೊನೆಯ ಸಾಲನ್ನು ಎಲ್ಲಿಂದ ತಂದೆ? ಆಗ ನೀನು ಹದಿನಾರರ ಹುಡುಗ, ಕೇಳಿಸಿಕೊಂಡಿದ್ದೆಯೋ ಏನೋ. ಅದು ನನ್ನದೇ ಮಾತು. ಅಂಗಡಿ ಬೋರ್ಡು ಬರೆಯುತ್ತಿದ್ದ ಅಪ್ಪ ಏಣಿಯಿಂದ ಬಿದ್ದು ಬೆನ್ನು ಉಳುಕಿಸಿಕೊಂಡರಲ್ಲ, ಉಳುಕು ಒಂದು ತಿಂಗಳಲ್ಲಿ ಹೋಗಿತ್ತು. ಕೇಳಿದವರಿಗೆಲ್ಲ ಅಮ್ಮ ಬೆನ್ನು ಬೆನ್ನು ಅನ್ನುತ್ತಲೇ ಇದ್ದಳು. ಮನೆಯೊಳಗೆ ಮಾತ್ರ, ‘ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಪಾತ್ರೆ ಕುಕ್ಕುತ್ತಿದ್ದಳು. ಒಂದು ಕಡ್ಡಿ ಎತ್ತಿ ಆಚೆ ಇಡುತ್ತಿರಲಿಲ್ಲ ಅವರು. ಒಂದು ದಿನ ನಾನು ಮಿಲ್ಲಿನಿಂದ ಬಂದಾಗ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಮನೆಯೆಲ್ಲ ಹೊಗೆ. ಅವರು ಅಲ್ಲೇ ಕೂತು ಅದನ್ನು ನೋಡುತ್ತಿದ್ದರು. ‘ನಿಮ್ಮ ಬೆನ್ನಿಗೆ ಏನೂ ಆಗಿಲ್ಲ. ನಿಮಗೆ ನಾಚಿಕೆ ಇಲ್ಲ, ಅಷ್ಟೆ’ ಅಂದೆ.

ಅದಾದ ಮೇಲೆ ಮೂರು ವರ್ಷ ಬದುಕಿದ್ದರು. ನನ್ನ ಜೊತೆ ಮಾತು ಬಿಡಲಿಲ್ಲ. ಆದರೆ ನಾನು ಮನೆಗೆ ಬರುವ ಹೊತ್ತಿಗೆ ಕುರ್ಚಿಯ ತುದಿಗೆ ಸರಿದು, ಈಗಷ್ಟೇ ಕೂತವರ ಹಾಗೆ ಕೂರುತ್ತಿದ್ದರು. ನನಗೆ ಅದು ಗೊತ್ತಾಗುತ್ತಿತ್ತು. ಅದಕ್ಕೂ ಅಸಹ್ಯಪಟ್ಟೆ.

ಅವರ ಬಣ್ಣದ ಕಣ್ಣು ನನಗೆ ಬಂದಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಅದರ ಜೊತೆ ಇದೂ ಬಂದಿದೆ. ನಾನು ಯಾರನ್ನು ದೂರಲಿ?

ಪುಟ್ಟಿಗೆ ಏನು ಹೇಳಬೇಕೋ ನೀನೇ ಹೇಳು. ನನಗೆ ತಿಳಿಯುವುದಿಲ್ಲ.

ಅಕ್ಕ

*

ಜುಲೈ 22

ಅಕ್ಕಾ,

ತಪ್ಪಾಯಿತು. ಆ ಸಾಲು ಬರೆಯುವಾಗ ಅದು ನನ್ನದೇ ಎಂದುಕೊಂಡಿದ್ದೆ. ಕಿವಿಯಲ್ಲಿ ಉಳಿದಿತ್ತು ಅಂತ ಕಾಣುತ್ತದೆ. ಸಾಧ್ಯವಾದರೆ ಆ ಕಾಗದ ಒಲೆಗೆ ಹಾಕು.

ಒಂದು ಮಾತು ಹೇಳಬೇಕು. ಇಷ್ಟು ವರ್ಷ ನಾನು ಅದನ್ನು ತಮಾಷೆ ಮಾಡಿಯೇ ಹೇಳಿದವನು. ನನಗೆ ಹನ್ನೊಂದು ವರ್ಷ. ನೀನು ಮಿಲ್ಲಿಗೆ, ಅಮ್ಮ ಎಲ್ಲಿಗೋ ಹೋಗಿದ್ದಳು. ನನ್ನ ಗಾಳಿಪಟ ಮಾಡಿನ ಮೇಲೆ ಸಿಕ್ಕಿಕೊಂಡಿತ್ತು. ‘ಅಪ್ಪಾ, ತೆಕ್ಕೊಡಿ’ ಅಂದೆ. ‘ಏಳ್ತಾ ಇದ್ದೀನಿ ಮಗೂ’ ಅಂದರು. ನಾನು ಎದುರಿಗೇ ನೆಲದ ಮೇಲೆ ಕೂತು ಕಾದೆ. ಅವರು ಕುರ್ಚಿಯ ಎರಡೂ ಕೈ ಹಿಡಿದುಕೊಂಡಿದ್ದರು. ಬೆರಳಿನ ಗೆಣ್ಣು ಬೆಳ್ಳಗಾಗಿತ್ತು. ಹಣೆಯಲ್ಲಿ ಬೆವರು. ‘ಏಳಲೇ ಇಲ್ಲವಲ್ಲಪ್ಪಾ’ ಅಂದೆ. ‘ಬೆಳಿಗ್ಗೆಯಿಂದ ಏಳ್ತಾನೇ ಇದ್ದೀನಿ ಕಣೋ. ನಿಮಗೆ ಕಾಣಲ್ಲ ಅಷ್ಟೆ’ ಅಂದರು.

ಸಂಜೆ ನೀವಿಬ್ಬರೂ ಬಂದ ಮೇಲೆ ಕುರ್ಚಿ ಹಿಡಿದು, ಮುಖ ಕೆಂಪಗೆ ಮಾಡಿ, ಅಪ್ಪ ಏಳುವುದನ್ನು ಅಭಿನಯಿಸಿ ತೋರಿಸಿದೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀನೂ ನಕ್ಕೆ. ಅವರು ಒಳಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಆ ಮಾತು ನಮ್ಮ ಮನೆಗೆ ಬಂದದ್ದು ಹಾಗೆ.

ನಿನ್ನ ರೈಲಿನ ವಿಷಯ ಓದಿದಾಗಿನಿಂದ ಆ ಬೆರಳುಗಳೇ ಕಣ್ಣಿಗೆ ಬರುತ್ತಿವೆ. ಯಾಕೆಂದು ಗೊತ್ತಿಲ್ಲ. ಮೊನ್ನೆ ನಲ್ಲಿ ಸರಿಮಾಡಿಬಿಟ್ಟೆ. ಮನೆಯಲ್ಲಿ ಆ ಮಾತು ಇನ್ನು ಯಾರೂ ಆಡಬಾರದು ಎಂದು ಹೇಳಿದ್ದೇನೆ. ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು.

ನೀನು ಬರದಿದ್ದರೆ ಬೇಡ. ದಾರ ಅಂಚೆಯಲ್ಲಿ ಹಾಕು ಸಾಕು. ಹಾಕಲಾಗದಿದ್ದರೆ ಎರಡು ಸಾಲು ಬರಿ.

ನಿನ್ನ ಗುಂಡ

*

ಸೆಪ್ಟೆಂಬರ್ 2

ಗುಂಡಾ,

ದಾರ ಕಳಿಸಿದ್ದೇನೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲೇ ಹಳೇ ಲಡಿ ಇತ್ತು. ಕಿಟಕಿಯ ಬೆಳಕಿನಲ್ಲಿ ಹೊಂದಿಸಿದೆ. ಹತ್ತು ನಿಮಿಷ ಹಿಡಿಯಿತು. ಎಂಟು ತಿಂಗಳು, ಹತ್ತು ನಿಮಿಷ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ಗೆರೆ ಅಳಿಸಿ ಒಂದಾದವು. ಮೊದಲೆಲ್ಲ ಹಾಗೆ ಒಂದಾದಾಗ ನನ್ನ ಬೆನ್ನಲ್ಲಿ ಸಣ್ಣಗೆ ಜುಮ್ಮೆನ್ನುತ್ತಿತ್ತು. ಅದಕ್ಕಾಗಿಯೇ ಮೂವತ್ತೈದು ವರ್ಷ ಆ ಕೋಣೆಯಲ್ಲಿ ಕೂತದ್ದು, ಸಂಬಳಕ್ಕಲ್ಲ. ಈ ಸಲ ಆಗುತ್ತದೇನೋ ಎಂದು ಕಾದೆ. ಆಗಲಿಲ್ಲ. ಆಮೇಲೆ ಹಲಗೆ ನೋಡಿದೆ.

ನೀನು ಬರೆದ ಬೆರಳುಗಳ ವಿಷಯ ನನಗೆ ಗೊತ್ತಿರಲಿಲ್ಲ. ನಾನು ನಕ್ಕದ್ದು ನೆನಪಿದೆ.

ರಫು ಮಾಡುವಾಗ ಎಳೆ ಬಿಗಿ ಎಳೆಯಬೇಡಿ ಎಂದು ನಿನ್ನ ಹೆಂಡತಿಗೆ ಹೇಳು.

ಅಕ್ಕ

*

ಸೆಪ್ಟೆಂಬರ್ 14

ಅಕ್ಕಾ, ನನ್ನ ಚಿನ್ನದಂಥ ಅಕ್ಕಾ,

ನನ್ನ ಹೆಂಡತಿ ಮೂರು ಸಂಜೆ ಕೂತು ರಫು ಮಾಡಿದಳು. ಈಗ ಏಳು ತೂತು ಎಲ್ಲಿದ್ದವು ಎಂದು ಅವಳಿಗೇ ಗೊತ್ತಾಗುತ್ತಿಲ್ಲ. ಪುಟ್ಟಿಗೆ ಕಳಿಸಿದೆವು. ಫೋನಿನಲ್ಲಿ ಅತ್ತಳು. ಹಾಸ್ಟೆಲಿನ ಹುಡುಗಿಯರಿಗೆಲ್ಲ ‘ನಮ್ಮತ್ತೆ ಹೊಂದಿಸಿದ್ದು’ ಎಂದು ತೋರಿಸಿದಳಂತೆ. ಇಂಥ ಕಣ್ಣು ಇಟ್ಟುಕೊಂಡು ನೀನು ಸೋತೆ ಎಂದರೆ ಯಾರು ನಂಬುತ್ತಾರೆ? ನೀನು ದಾರಿಗೆ ಬರುತ್ತಿದ್ದೀಯ, ನನಗೆ ನಂಬಿಕೆ ಬಂತು. ಜುಲೈನಲ್ಲಿ ನಾನು ಏನೇನೋ ಬರೆದು ನಿನ್ನನ್ನೂ ಹೆದರಿಸಿದೆ, ನಾನೂ ಹೆದರಿದೆ. ಅದನ್ನೆಲ್ಲ ಮರೆತುಬಿಡು. ಅಪ್ಪನೇ ಬೇರೆ, ನೀನೇ ಬೇರೆ.

ಇನ್ನೊಂದು ವಿಷಯ. ದಾರಕ್ಕೆ ಸುತ್ತಿದ್ದ ಆ ಆಸ್ಪತ್ರೆ ಚೀಟಿ ಓದಲು ನೋಡಿದೆ. ಡಾಕ್ಟರ ಅಕ್ಷರ, ಇರುವೆ ಹರಿದಂತಿತ್ತು. ನಮ್ಮ ಬೀದಿಯ ಔಷಧಿ ಅಂಗಡಿಯವರಿಗೆ ತೋರಿಸಿದೆ. ಅವರು ಓದಿ ದನಿ ತಗ್ಗಿಸಿ, ‘ಇದು ಮನಸ್ಸಿನ ಡಾಕ್ಟರಿಗೆ ಬರೆದಿದ್ದು. ತುರ್ತು ಅಂತ ಕೆಳಗೆ ಗೆರೆ ಎಳೆದಿದ್ದಾರೆ. ಅಕ್ಕನ್ನ ತೋರಿಸಿದ್ರಾ?’ ಅಂದರು. ‘ನಮ್ಮಕ್ಕನಿಗೆ ಹುಚ್ಚೇನ್ರೀ? ತಂದೆ ಕೂತಾಗ ಇಡೀ ಮನೆ ಹೊತ್ತವಳು ಅವಳು’ ಅಂದೆ. ಅವರು ಇನ್ನೂ ಏನೋ ಹೇಳಲು ಬಂದರು, ನಾನು ನಿಲ್ಲಲಿಲ್ಲ. ಬೇರೆ ಯಾರದೋ ಚೀಟಿ ತಪ್ಪಿ ನಿನ್ನ ಕೈಗೆ ಕೊಟ್ಟಿದ್ದಾರೆ. ಅಂಗಡಿ ಮೆಟ್ಟಿಲ ಮೇಲೇ ನಾಲ್ಕು ಚೂರು ಮಾಡಿ ಹಾಕಿದೆ. ನೀನು ಆ ದಿನ ಮೇಲೆ ಹತ್ತದೆ ಇಳಿದು ಬಂದದ್ದೇ ನಮ್ಮ ಪುಣ್ಯ.

ಈಗ ಕೇಳು. ಕಾಡಿ ಬೇಡಿ ಎರಡು ದಿನ ರಜೆ ತೆಗೆದಿದ್ದೇನೆ. ಇಪ್ಪತ್ತೆಂಟರ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಬಾಗಿಲಲ್ಲಿರುತ್ತೇನೆ. ಹನ್ನೊಂದರ ರೈಲಿಗೆ ಇಬ್ಬರೂ ವಾಪಸು. ನೀನು ಏನೂ ಮಾಡಬೇಕಾಗಿಲ್ಲ. ನಾಲ್ಕು ಬಟ್ಟೆ ಬ್ಯಾಗಿಗೆ ಹಾಕಿ, ಎದ್ದು ತಯಾರಾಗಿರು, ಸಾಕು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಜನರನ್ನು ಮೇಲೆ ಎತ್ತುವುದೇ ನನ್ನ ಕಸುಬು.

ನಿನ್ನ ಗುಂಡ

*

ಸೆಪ್ಟೆಂಬರ್ 23

ಗುಂಡಾ,

ಕಾಗದ ತಲುಪಿತು. ಪುಟ್ಟಿಯ ವಿಷಯ ಎರಡು ಸಲ ಓದಿದೆ.

ಚೀಟಿ ಹರಿದದ್ದು ಸರಿಯೇ ಇರಬೇಕು. ನೀನು ಹೇಳಿದ ಮೇಲೆ ನನಗೂ ಹಾಗೇ ಅನ್ನಿಸಿತು. ಆ ದಿನ ಅಲ್ಲಿ ತುಂಬಾ ಜನವಿದ್ದರು, ಬೇರೆ ಯಾರದೋ ಇರಬಹುದು. ಆ ಬೇರೆಯವರು ಪಾಪ, ಚೀಟಿಯಿಲ್ಲದೆ ಏನು ಮಾಡಿದರೋ.

ಬ್ಯಾಗು ಹೊರಗೆ ತೆಗೆದಿಟ್ಟಿದ್ದೇನೆ. ಒಂದು ಸೀರೆ ಹಾಕಿದ್ದೇನೆ. ಉಳಿದವು ಕುರ್ಚಿಯ ಮೇಲಿವೆ. ಮಂಚದಿಂದ ಕಾಣುತ್ತವೆ.

ನೀನು ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿ ಕಾಯಬೇಡ. ಚಿಲಕ ಹಾಕುವುದಿಲ್ಲ, ದೂಡಿದರೆ ತೆರೆಯುತ್ತದೆ. ಹಲಗೆಯ ಎದುರಿಗೇ ಇರುತ್ತೇನೆ. ಅರಸುವ ಕೆಲಸವಿಲ್ಲ.

ಹತ್ತು ಗಂಟೆ ಎಂದಿದ್ದೀಯ. ಇನ್ನೂ ಐದು ದಿನವಿದೆ. ನಾನು ಈಗಿಂದಲೇ ಶುರು ಮಾಡಿದ್ದೇನೆ. ನೀನು ಬಂದಾಗ ನಾನು ಹೀಗೇ ಕೂತಿದ್ದರೆ ಸಿಟ್ಟು ಮಾಡಿಕೊಳ್ಳಬೇಡ.

ಏಳ್ತಾ ಇದ್ದೀನಿ.

ಅಕ್ಕ